ಪದ ಬೇಕು: ‘ಎನರ್ಜಿ ಇಂಟೆನ್ಸಿಟಿ’ಗೆ ಬೋರ್ಡಿನಲ್ಲಿ ಏನು ಬರೆಯೋಣ?

ಮಂಡ್ಯದಿಂದ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ. ಇಲ್ಲಿ ರೈತರಿಗಾಗಿ ಒಂದು ಪ್ರದರ್ಶನ ಇಟ್ಟಿದ್ದೇವೆ. ನಮ್ಮ ದೇಶದಲ್ಲಿ ಆಹಾರ ಸಂಸ್ಕರಣೆಗೆ ಎಷ್ಟು ಎನರ್ಜಿ ಖರ್ಚಾಗುತ್ತಿದೆ, ವರ್ಷದಿಂದ ವರ್ಷಕ್ಕೆ ಅದು ಹೇಗೆ ಬದಲಾಗುತ್ತಿದೆ ಅನ್ನೋದರ ಮೇಲೆ ಒಂದು ಬೋರ್ಡು. ಸಕ್ಕರೆ, ಅಕ್ಕಿ, ಹಾಲು ಮೂರೂ ಇವೆ. ಬೋರ್ಡಿನಲ್ಲಿ ಎರಡು ಗೆರೆ. ಒಂದು ದೇಶದ ಒಟ್ಟು ಬಳಕೆ. ಇನ್ನೊಂದು ಎನರ್ಜಿ ಇಂಟೆನ್ಸಿಟಿ, ಅಂದರೆ ಒಂದು ಟನ್ ಮಾಲು ತಯಾರಾಗೋಕೆ ಎಷ್ಟು ಬೇಕಾಯಿತು ಅಂತ. ಇಂಟೆನ್ಸಿಟಿ ಅಂದರೆ ತೀವ್ರತೆ ಅನ್ನುತ್ತದೆ ನಿಘಂಟು. ‘ಶಕ್ತಿ ತೀವ್ರತೆ’ ಅಂತ ಓದಿ ಆಲೆಮನೆಯವರು ಏನು ಅಂದುಕೊಳ್ಳಬೇಕು? ಹಾಗೇ ಎನರ್ಜಿಗೂ ಒಂದು ಪದ ಗಟ್ಟಿ ಮಾಡಿಕೊಡಿ. ಶಕ್ತಿಯೋ, ಇಂಧನವೋ? ಇವತ್ತು ಸಂಜೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು.

ಮೈಸೂರು, ಕುವೆಂಪುನಗರದಿಂದ:

ಇಂಧನ. ಸರ್ಕಾರದಲ್ಲಿ ಇಂಧನ ಇಲಾಖೆ ಇದೆ, ಇಂಧನ ಸಚಿವರಿದ್ದಾರೆ. ಇದರಲ್ಲಿ ಚರ್ಚೆ ಮಾಡೋದೇನಿದೆ? ‘ಇಂಧನ ತೀವ್ರತೆ’ ಅಂತ ಹಾಕಿ ಮುಗಿಸಿ.

ಮೈಸೂರು, ಸರಸ್ವತಿಪುರಂನಿಂದ:

ಇಲಾಖೆಯ ಹೆಸರಿನಲ್ಲಿದ್ದ ಮಾತ್ರಕ್ಕೆ ಪದ ಸರಿಯಾಗುವುದಿಲ್ಲ. ‘ಇಂಧ್’ ಅನ್ನುವ ಧಾತುವಿಗೆ ಹೊತ್ತಿಸು, ಉರಿಸು ಅಂತ ಅರ್ಥ. ಇಂಧನ ಅಂದರೆ ಒಲೆಗೆ ಹಾಕುವಂಥದ್ದು: ಸೌದೆ, ಇದ್ದಿಲು, ಡೀಸೆಲ್, ಭತ್ತದ ಹೊಟ್ಟು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತಲ್ಲ, ಅಲ್ಲಿ ಏನನ್ನು ಉರಿಸಿದರು? ಬಿದ್ದದ್ದು ಕಾವೇರಿ ನೀರು.

ನನ್ನ ತಕರಾರು ಇರುವುದು ‘ಸಂಸ್ಕರಣೆ’ಯ ಮೇಲೆ. ನಮ್ಮದೇ ‘ಹದ’ ಇರುವಾಗ ಇದು ಯಾಕೆ ಬೇಕು? ಹಳಗನ್ನಡದಲ್ಲಿ ಅದು ‘ಪದ’, ಪಕಾರ ಹಕಾರವಾಗಿ ಹದ ಆಯಿತು. ತಮಿಳಿನಲ್ಲಿ ಈಗಲೂ ಪದಂ. ಮಾತು ಅನ್ನುವ ಅರ್ಥದ ಸಂಸ್ಕೃತದ ‘ಪದ’ಕ್ಕೂ ಇದಕ್ಕೂ ಸಂಬಂಧವಿಲ್ಲ. ಮಣ್ಣಿನ ಹದ, ಪಾಕದ ಹದ, ಉಪ್ಪುಖಾರದ ಹದ, ಎಲ್ಲವೂ ಜನರ ಬಾಯಲ್ಲಿವೆ. ‘ಆಹಾರ ಹದಗೊಳಿಕೆ’ ಅನ್ನಿ. ಎನರ್ಜಿಗೆ ‘ಕಸುವು’ ಅನ್ನಿ. ಸಾಲ ತರುವ ಮೊದಲು ಮನೆಯ ಪೆಟ್ಟಿಗೆ ತೆಗೆದು ನೋಡಬೇಕು.

ಕುವೆಂಪುನಗರದಿಂದ:

ಹದಗೊಳಿಕೆ ಅಂತ ಯಾರೂ ಅನ್ನುವುದಿಲ್ಲ. ಹದ ಮಾಡುವುದು ಅಂದರೆ ಚರ್ಮ ಹದ ಮಾಡುವುದು ಅಂತ ತಿಳಿದಾರು. ಭೂಮಿಯಲ್ಲಿ ಕಸುವಿಲ್ಲ ಅಂತಾರೆ, ಮೈಯಲ್ಲಿ ಕಸುವಿಲ್ಲ ಅಂತಾರೆ. ಬಾಯ್ಲರ್‌ಗೆ ಕಸುವು ತುಂಬಿದರು ಅಂದವರನ್ನು ನಾನು ಕಂಡಿಲ್ಲ. ‘ಸಕ್ಕರೆ’ಯೂ ಸಾಲವೇ. ಸಂಸ್ಕೃತದ ಶರ್ಕರಾ ಪ್ರಾಕೃತದಲ್ಲಿ ಸಕ್ಕರಾ ಆಗಿ ಇಲ್ಲಿಗೆ ಬಂತು. ಅದನ್ನೂ ವಾಪಸ್ ಕೊಟ್ಟು ಮಂಡ್ಯಕ್ಕೆ ಬೇರೆ ಹೆಸರು ಇಡುತ್ತೀರಾ?

ಸರಸ್ವತಿಪುರಂನಿಂದ:

ಬಾಯಿಗೆ ಒಗ್ಗಿದ ಸಾಲ ಬೇರೆ, ಕಡತದಿಂದ ಇಳಿದ ಸಾಲ ಬೇರೆ. ಸಕ್ಕರೆ, ಕರೆಂಟು ಎರಡನ್ನೂ ನಾನು ಬಿಡುವುದಿಲ್ಲ. ‘ಸಂಸ್ಕರಣೆ’ಯನ್ನು ಯಾವ ತಾಯಿಯೂ ಮಗುವಿಗೆ ಕಲಿಸಿಲ್ಲ.

ಪಾಂಡವಪುರದಿಂದ:

ಸಾರ್, ಇಬ್ಬರೂ ಸ್ವಲ್ಪ ತಡೀರಿ. ಆ ಬೋರ್ಡಿನ ಮುಂದೆ ನಿಲ್ಲುವವರು ನಮ್ಮ ಕಡೆಯವರು. ಅವರಿಗೆ ‘ಶಕ್ತಿ’ಯೇ ಸರಿ.

ಆಲೆಮನೆಯನ್ನೇ ನೋಡಿ. ಗಾಣದಿಂದ ಬಿದ್ದ ರಚ್ಚನ್ನು, ಅಂದರೆ ರಸ ಹಿಂಡಿದ ಕಬ್ಬಿನ ಸಿಪ್ಪೆಯನ್ನು, ಬಿಸಿಲಿಗೆ ಹರಡಿ ಒಣಗಿಸುತ್ತಾರೆ. ಒಲೆ ಬಾಯಿಯ ಮುಂದೆ ಕೂತವನು ಅದನ್ನು ತಬ್ಬಿ ಎತ್ತಿ ಒಳಗೆ ತಳ್ಳುತ್ತಲೇ ಇರಬೇಕು. ಸ್ವಲ್ಪ ಬಿಟ್ಟರೂ ಕೊಪ್ಪರಿಗೆಯ ಕುದಿ ಇಳಿಯುತ್ತದೆ. ಮೇಲೆ ಮಾಡು ಕಾಣದಷ್ಟು ಹಬೆ. ಕಬ್ಬಿನ ಹಾಲಿನಲ್ಲಿ ಹೆಚ್ಚಿನ ಪಾಲು ನೀರು ತಾನೆ? ಕುದಿಯುವ ಒಂದು ಕೆಜಿ ನೀರು ಆವಿಯಾಗಬೇಕಾದರೆ ಸುಮಾರು 2,257 ಕಿಲೋಜೂಲ್ ಶಾಖ ಬೇಕು. ಅದೆಲ್ಲ ಹೆಂಚಿನ ಸಂದಿಯಿಂದ ಆಚೆ ಹೋಗುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ಹಾಗಲ್ಲ. ಮೊದಲನೇ ಪಾತ್ರೆಯ ಹಬೆ ಎರಡನೆಯದನ್ನು ಕಾಯಿಸುತ್ತದೆ, ಎರಡನೆಯದರ ಹಬೆ ಮೂರನೆಯದನ್ನು. ಒಂದು ಸಲ ಎಬ್ಬಿಸಿದ ಬಿಸಿ ಹಲವು ಸಲ ದುಡಿಯುತ್ತದೆ. ಟನ್‌ಗೆ ಇಷ್ಟು ಶಕ್ತಿ ಅನ್ನುವ ಲೆಕ್ಕ ಇಳಿಯುವುದು ಇಂಥ ಕಡೆಯೇ.

ಇನ್ನೊಂದು ವಿಷಯ. ಒಂದು ಟನ್ ಕಬ್ಬು ಅರೆದರೆ ಸುಮಾರು 300 ಕೆಜಿ ರಚ್ಚು ಬರುತ್ತದೆ, ಅದರಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಕಾರ್ಖಾನೆಯಲ್ಲಿ ಅದನ್ನೇ ಬಾಯ್ಲರ್‌ಗೆ ಹಾಕಿ ಹಬೆ ಎಬ್ಬಿಸುತ್ತಾರೆ. ಆ ಹಬೆ ಟರ್ಬೈನ್ ತಿರುಗಿಸಿ ಹೊರಗೆ ಬಂದ ಮೇಲೆ ಅದರಲ್ಲೇ ರಸ ಕಾಯಿಸುತ್ತಾರೆ. ಎಷ್ಟೋ ಕಾರ್ಖಾನೆಗಳು ಮಿಕ್ಕ ಕರೆಂಟನ್ನು ಗ್ರಿಡ್‌ಗೆ ಮಾರುತ್ತವೆ. ಹಾಗಿರುವಾಗ ‘ವಿದ್ಯುತ್’ ಅಂತ ಬರೆದರೆ ಶಾಖದ ಲೆಕ್ಕ ಹೊರಗುಳಿಯುತ್ತದೆ. ‘ಇಂಧನ’ ಅಂದರೆ ನಮ್ಮವರಿಗೆ ಸೌದೆ, ಡೀಸೆಲ್ಲು. ಡೈರಿಯಲ್ಲಿ ಹಾಲು ತಣ್ಣಗಿಡುವ ಕರೆಂಟು ಅದರೊಳಗೆ ಬರುವುದಿಲ್ಲ. ಎರಡನ್ನೂ ಹಿಡಿಯುವ ಪದ ಶಕ್ತಿ. ಅದು ಸಂಸ್ಕೃತವೋ ಅಲ್ಲವೋ, ಮೂರನೇ ಕ್ಲಾಸಿನ ಮಗುವಿಗೂ ಗೊತ್ತು.

‘ತೀವ್ರತೆ’ ಮಾತ್ರ ಬೇಡವೇ ಬೇಡ. ಭೂಕಂಪದ ತೀವ್ರತೆ, ಬರದ ತೀವ್ರತೆ ಅಂತ ಪೇಪರಿನಲ್ಲಿ ಓದಿದವರು ಇದನ್ನೂ ಏನೋ ಅನಾಹುತ ಅಂದುಕೊಳ್ಳುತ್ತಾರೆ. ಯಾವುದನ್ನು ಯಾವುದರಿಂದ ಭಾಗಿಸಿದ್ದು ಅಂತ ಆ ಪದ ಹೇಳುವುದೇ ಇಲ್ಲ. ಎಕರೆಗೆ ಎಷ್ಟು ಟನ್ ಬಂತು, ಲೀಟರ್‌ಗೆ ಎಷ್ಟು ಕೊಡುತ್ತೆ ಗಾಡಿ ಅಂತ ದಿನಾ ಕೇಳುತ್ತೇವೆ ಅಲ್ವಾ? ಹಾಗೇ ‘ಟನ್‌ಗೆ ತಗಲುವ ಶಕ್ತಿ’ ಅನ್ನಿ. ಆ ಎರಡು ಗೆರೆ ಎದುರುಬದುರು ಹೋಗಬಹುದು. ಟನ್ ಲೆಕ್ಕ ಇಳಿದರೂ ಅರೆಯುವ ಕಬ್ಬು, ಕಾಯಿಸುವ ಹಾಲು ಜಾಸ್ತಿಯಾದರೆ ಒಟ್ಟು ಏರುತ್ತದೆ. ಹೆಸರು ಸ್ಪಷ್ಟವಾಗಿಲ್ಲದಿದ್ದರೆ ಜನ ಒಂದು ಗೆರೆ ಸುಳ್ಳು ಅಂತಲೇ ತಿಳಿಯುತ್ತಾರೆ.

ಕುವೆಂಪುನಗರದಿಂದ:

‘ಟನ್‌ಗೆ ತಗಲುವ ಶಕ್ತಿ’ ವಿವರಣೆ ಆಯಿತು, ಪಾರಿಭಾಷಿಕ ಪದ ಆಗಲಿಲ್ಲ. ನಾಳೆ ಪಠ್ಯಪುಸ್ತಕಕ್ಕೆ ಬೇಕಾದಾಗ ಏನು ಮಾಡುತ್ತೀರಿ?

ಪಾಂಡವಪುರದಿಂದ:

ಪಠ್ಯಪುಸ್ತಕದಲ್ಲೂ ಇದನ್ನೇ ಹಾಕಿ. ಮಕ್ಕಳಿಗೆ ಅರ್ಥವಾಗಲಿ.

ಮಂಡ್ಯದಿಂದ:

ಎಲ್ಲರಿಗೂ ಧನ್ಯವಾದ. ತಲೆಬರಹ ‘ಆಹಾರ ಸಂಸ್ಕರಣೆಗೆ ದೇಶ ಬಳಸುವ ಶಕ್ತಿ’. ಗೆರೆಗಳಿಗೆ ‘ಒಟ್ಟು ಬಳಕೆ’, ‘ಟನ್‌ಗೆ ತಗಲುವ ಶಕ್ತಿ’. ಸರಸ್ವತಿಪುರಂ ಸಾರ್, ‘ಹದಗೊಳಿಕೆ’ ಹಾಕಿದರೆ ನಾನೇ ಬೋರ್ಡಿನ ಪಕ್ಕ ನಿಂತು ಅರ್ಥ ಹೇಳಬೇಕಾಗುತ್ತದೆ, ಅದಕ್ಕೇ ಸಂಸ್ಕರಣೆ ಉಳಿಸಿಕೊಂಡೆ. ಅಂಕಿಗಳೆಲ್ಲ ‘ಎಣ್ಣೆಗೆ ಸಮನಾದ ಟನ್’ ಲೆಕ್ಕದಲ್ಲಿವೆ, ಅಂದರೆ ಒಂದು ಟನ್ ಕಚ್ಚಾ ತೈಲ ಉರಿಸಿದರೆ ಸಿಗುವಷ್ಟು ಶಕ್ತಿ. ಅದರ ಒಂದು ಟನ್ ಅಂದರೆ 11,630 ಯೂನಿಟ್ ಕರೆಂಟಿಗೆ ಸಮ ಅಂತ ಕೆಳಗೆ ಒಂದು ಸಾಲು ಹಾಕುತ್ತೇನೆ. ಕಾರ್ಖಾನೆಯ ಚಿತ್ರದ ಕೆಳಗೆ ‘ರಚ್ಚು’ ಅಂತಲೇ ಬರೆಯುತ್ತಿದ್ದೇನೆ.

ಸರಸ್ವತಿಪುರಂನಿಂದ:

ಸಂಸ್ಕರಣೆಗೆ ನನ್ನ ಒಪ್ಪಿಗೆ ಇಲ್ಲ. ರಚ್ಚಿಗೆ ಪೂರ್ತಿ ಒಪ್ಪಿಗೆ ಇದೆ.