ಕೂಪರ್ ಬ್ಲ್ಯಾಕ್‌ಗೆ ಜೋಡಿಯಾಗುವ ಕನ್ನಡ ಫಾಂಟ್ ಬೇಕು, ಸಹಾಯ ಮಾಡಿ

ಗೆಳೆಯನ ಕಾಫಿ ಪುಡಿಗೆ ಲೇಬಲ್ ಮಾಡುತ್ತಿದ್ದೇನೆ. ಇಂಗ್ಲಿಷ್ ಹೆಸರು ಕೂಪರ್ ಬ್ಲ್ಯಾಕ್‌ನಲ್ಲಿದೆ. 1922ರಲ್ಲಿ ಬಂದ, ಷಿಕಾಗೋದ ಆಸ್ವಾಲ್ಡ್ ಕೂಪರ್ ಬರೆದ ಅಕ್ಷರ ಅದು. ಸೆರಿಫ್ (ಗೆರೆಗಳ ತುದಿಯ ಪುಟ್ಟ ಚಾಚು) ಇದ್ದರೂ ತುದಿಗಳೆಲ್ಲ ದುಂಡಗೆ, ನೋಡಿದ ಕೂಡಲೇ ಹಳೇ ಡಬ್ಬಿಗಳು ನೆನಪಾಗುತ್ತವೆ, ಅಲ್ವಾ?

ತೊಂದರೆ ಕನ್ನಡದ್ದು. ಬಲೂ ತಮ್ಮ ಅನ್ನೋ ಕನ್ನಡ ಫಾಂಟ್ ಹಾಕಿ ನೋಡಿದೆ. ದಪ್ಪವೇನೋ ಸರಿ, ಆದರೆ ಗೆರೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಸಮ ಇರುವುದರಿಂದ ಮುದ್ದಾಗಿ ಕಾಣುತ್ತದೆಯೇ ಹೊರತು ಹಳೇ ಕಾಲದ್ದು ಅನ್ನಿಸುವುದಿಲ್ಲ. ನೋಟೊ ಸೆರಿಫ್ ಕನ್ನಡ ಫಾಂಟ್‌ನ ಬ್ಲ್ಯಾಕ್‌ನಲ್ಲಿ (ಅದರ ಅತಿ ದಪ್ಪ ರೂಪ) ದಪ್ಪ-ತೆಳು ಚೆನ್ನಾಗಿದೆ, ಆದರೆ ಲೇಬಲ್‌ಗೆ ಗಾಂಭೀರ್ಯ ಜಾಸ್ತಿ ಆಯ್ತು.

'ಅಪ್ಪಟ' ಮೇಲೆ, 'ಫಿಲ್ಟರ್ ಕಾಫಿ' ಕೆಳಗೆ ಬರಬೇಕು. ಮೇಲಿನ ಪ-ಒತ್ತು ಕೆಳಗಿನ ಗುಡಿಸಿಗೆ ತಾಗುತ್ತಿದೆ. ಅಂತರ ಬಿಟ್ಟರೆ ಎಲ್ಲ ಸಡಿಲ. ಇನ್ನೊಂದು, ಖಾಕಿ ಕವರ್ ಮೇಲೆ ಸ್ಕ್ರೀನ್ ಪ್ರಿಂಟ್ ಮಾಡಿಸಿದಾಗ ಶಾಯಿ ಹರಡಿ 'ಫ' ಒಳಗಿನ ಸಣ್ಣ ಖಾಲಿ ಜಾಗ ಮುಚ್ಚಿಹೋಗುತ್ತದೆ.

ಯೂನಿಕೋಡ್ ಫಾಂಟ್ ಆಗಿರಬೇಕು, ವ್ಯಾಪಾರಕ್ಕೆ ಬಳಸಲು ಲೈಸೆನ್ಸ್ ಇರಬೇಕು. ದುಡ್ಡು ಕೊಡಲು ತೊಂದರೆಯಿಲ್ಲ. ಸುಮ್ನೆ ಫಾಂಟ್ ಹುಡುಕುವ ಬದಲು ಬೋರ್ಡ್ ಬರೆಯುವವರ ಕೈಯಲ್ಲೇ ಬರೆಸಿ ಸ್ಕ್ಯಾನ್ ಮಾಡುವುದು ವಾಸಿನಾ? ಹಾಗೆ ಮಾಡಿಸಿದವರಿದ್ದರೆ ಖರ್ಚೆಷ್ಟಾಯ್ತು ಹೇಳಿ.