ಮನೆ ಹಪ್ಪಳದ ಆನ್‌ಲೈನ್ ಮಾರುಕಟ್ಟೆ: ಆರ್ಡರ್ ಯಾಕೆ ಬರುತ್ತಿಲ್ಲ?

ಪ್ರಶ್ನೆ (ಮಣಿಪಾಲದ ಸದಸ್ಯೆ): ನಮಸ್ಕಾರ ಸರ್. ಉಡುಪಿ, ದಕ್ಷಿಣ ಕನ್ನಡದ ಮನೆ ತಯಾರಿಕೆಗಳಿಗೆಂದೇ ಒಂದು ವೆಬ್‌ಸೈಟ್ ಮಾಡಿದ್ದೇನೆ. ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ, ಪುನರ್ಪುಳಿ, ಶಂಕರಪುರ ಮಲ್ಲಿಗೆ, ಉಡುಪಿ ಸೀರೆ ಎಲ್ಲ ಉಂಟು. ಮಾರುವವರು ಸುಮಾರು ಐವತ್ತು ಮಂದಿ ಸೇರಿದ್ದಾರೆ, ಆರ್ಡರ್ ಮಾತ್ರ ಅಪರೂಪ. ಮುಂಬೈಯಲ್ಲಿರುವ ನಮ್ಮೂರಿನವರಿಗೆ ತಲುಪುವ ಹಾಗೆ ಜಾಹೀರಾತಿಗೆ ದುಡ್ಡು ಹಾಕಲಾ?

ಉತ್ತರ: ಈಗ ಬೇಡ ಮೇಡಂ. ನಿಮ್ಮ ಸೈಟ್ ತೆರೆದು ನೋಡಿದೆ. ಹಲಸಿನ ಹಪ್ಪಳ ಹುಡುಕಿದರೆ ಮೂರು ಮನೆಯವರದ್ದು ಬರುತ್ತದೆ, ಎರಡರಲ್ಲಿ ‘ಸ್ಟಾಕ್ ಇಲ್ಲ’. ದುಡ್ಡು ಕೊಟ್ಟು ಕರೆತಂದ ಗಿರಾಕಿ ಇದನ್ನು ಕಂಡು ಹೋದರೆ ಮತ್ತೆ ಬರುವುದಿಲ್ಲ. ಐವತ್ತು ಮಂದಿ ಇದ್ದರೂ ಒಂದೊಂದು ವಸ್ತುವಿಗೆ ಇಬ್ಬರು ಮೂವರು, ತೊಂದರೆ ಇರುವುದು ಅಲ್ಲಿ. 2007ರಲ್ಲಿ ಫ್ಲಿಪ್‌ಕಾರ್ಟ್ ಶುರುವಾದಾಗ ಮಾರಿದ್ದು ಪುಸ್ತಕ ಮಾತ್ರ. ನೀವು ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಹಿಡಿಯಿರಿ. ಮಲ್ಲಿಗೆ ಬಿಟ್ಟುಬಿಡಿ. ಅದಕ್ಕೆ ದಿನದ ದರ, ಕಟ್ಟೆ (ಹೂವು ಕೊಳ್ಳುವ ಜಾಗ), ಸಾಗಾಟ ಎಲ್ಲ ಆಗಲೇ ಗಟ್ಟಿಯಾಗಿ ಉಂಟು, ನೀವು ಸೇರಿಸುವಂಥದ್ದು ಏನೂ ಇಲ್ಲ. ಸೀರೆಯ ಗಿರಾಕಿಯೇ ಬೇರೆ, ಆಮೇಲೆ ನೋಡಿ.

ಮಾಲು ಕಳಿಸುವ ಊರು ಕೂಡ ಒಂದೇ ಇರಲಿ, ಅದು ಬೆಂಗಳೂರು. ಇದಕ್ಕೆ ಕಾನೂನಿನ ಕಾರಣವೂ ಉಂಟು. 2023ರ ಅಕ್ಟೋಬರ್ 1ರಿಂದ, ವಹಿವಾಟು ಜಿಎಸ್‌ಟಿ ಮಿತಿಯೊಳಗಿರುವ ಸಣ್ಣವರು ನೋಂದಣಿ ಇಲ್ಲದೆಯೂ ಆನ್‌ಲೈನ್ ವೇದಿಕೆಯಲ್ಲಿ ಸರಕು ಮಾರಬಹುದು. ಆದರೆ ಮಾರಾಟ ರಾಜ್ಯದೊಳಗೇ ಆಗಬೇಕು. ಪಾನ್ ಕೊಟ್ಟು ಜಿಎಸ್‌ಟಿ ಪೋರ್ಟಲ್‌ನಲ್ಲಿ ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆದಿರಬೇಕು. ಮುಂಬೈಗೆ ಕಳಿಸಿದಿರೋ, ಉಪ್ಪಿನಕಾಯಿ ಹಾಕುವ ಅಮ್ಮನಿಗೂ ಜಿಎಸ್‌ಟಿ ನೋಂದಣಿ, ರಿಟರ್ನ್ ಎಲ್ಲ ಬೀಳುತ್ತದೆ. ವೇದಿಕೆ ನಡೆಸುವ ನಿಮಗಂತೂ ನೋಂದಣಿ ಕಡ್ಡಾಯ.

ಇನ್ನೊಂದು ವಿಷಯ. ಹಲಸಿನ ಹಪ್ಪಳ ಆಗುವುದು ಮಳೆ ಹಿಡಿಯುವ ಮೊದಲು. ಬಿಸಿಲು ಹೋದ ಮೇಲೆ ಎಷ್ಟು ಆರ್ಡರ್ ಬಂದರೂ ಹೊಸ ಮಾಲು ಇಲ್ಲ. ಮೇ ತಿಂಗಳಲ್ಲೇ ಮನೆಮನೆಗೆ ಹೋಗಿ ಡಬ್ಬದಲ್ಲಿ ಎಷ್ಟು ಕಟ್ಟು ಉಂಟು ಅಂತ ಕಣ್ಣಾರೆ ನೋಡಿ ಬರೆದುಕೊಳ್ಳಿ. ಫೋಟೋವನ್ನೂ ನೀವೇ ತೆಗೆಯಿರಿ. ಪ್ರವಾಸಿಗರಿಗೆ ಮನೆ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ ವೆಬ್‌ಸೈಟ್ ಕಟ್ಟಿದವರು 2009ರಲ್ಲಿ ನ್ಯೂಯಾರ್ಕಿನ ಮನೆಗಳಿಗೆ ತಾವೇ ಹೋಗಿ ಫೋಟೋ ಹಿಡಿದಿದ್ದರು. ಶುರುವಿನಲ್ಲಿ ಈ ಕೆಲಸ ಯಾವ ಸಾಫ್ಟ್‌ವೇರೂ ಮಾಡಿಕೊಡುವುದಿಲ್ಲ.

ಪ್ರಶ್ನೆ (ಅದೇ ಸದಸ್ಯೆ): ಒಮ್ಮೆ ತೆಗೆದುಕೊಂಡವರು ಮುಂದಿನ ಸಲ ನೇರವಾಗಿ ಅವರಿಗೇ ಫೋನ್ ಮಾಡಿ ಯುಪಿಐಯಲ್ಲಿ ದುಡ್ಡು ಹಾಕುತ್ತಾರೆ. ಮಾರುವವರ ನಂಬರ್ ಅಡಗಿಸಿಡಲಾ?

ಉತ್ತರ: ಅಡಗಿಸುವ ಹಾಗಿಲ್ಲ. 2020ರ ಗ್ರಾಹಕ ರಕ್ಷಣೆಯ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರುವವರ ಹೆಸರು, ವಿಳಾಸ, ಸಂಪರ್ಕ ಸಂಖ್ಯೆ ಗಿರಾಕಿಗೆ ಕಾಣಬೇಕು. ದೂರು ಬಂದರೆ 48 ಗಂಟೆಯೊಳಗೆ ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು.

ಗಿರಾಕಿಗೂ ಮಾರುವವರಿಗೂ ನಿಮ್ಮನ್ನು ಬಿಟ್ಟುಹೋದರೆ ನಷ್ಟ ಅನ್ನಿಸಬೇಕು. ಮೂರು ಮನೆಯ ಮಾಲನ್ನು ಒಂದೇ ಪೆಟ್ಟಿಗೆಗೆ ಹಾಕಿ ಒಂದೇ ಕೊರಿಯರ್ ಖರ್ಚಿನಲ್ಲಿ ಕಳಿಸಿ. ನೇರ ಫೋನ್ ಮಾಡಿದವರಿಗೆ ಇದು ಸಿಗುವುದಿಲ್ಲ. ಹಪ್ಪಳದ ಕಟ್ಟನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಗೇ ಕಳಿಸಿದರೆ ಅಂಚೆಲ್ಲ ಒಡೆದು ಚೂರು ತಲುಪುತ್ತದೆ. ಮೇಲೆ ಕೆಳಗೆ ದಪ್ಪ ರಟ್ಟು ಇಟ್ಟು ಬಿಗಿಯಾಗಿ ಸುತ್ತಿಸಿ, ಆಮೇಲೂ ಒಡೆದರೆ ದುಡ್ಡು ನೀವೇ ವಾಪಸ್ ಕೊಡಿ. ಮಾರುವವರಿಗೆ ವಾರಕ್ಕೊಂದು ದಿನ ನಿಗದಿ ಮಾಡಿ, ತಪ್ಪದೆ ಪಾವತಿ ಆಗುವ ಹಾಗೆ ನೋಡಿಕೊಳ್ಳಿ. ಇಷ್ಟಾದರೆ ಸಣ್ಣ ಕಮಿಷನ್‌ಗೆ ಯಾರೂ ತಕರಾರು ಮಾಡುವುದಿಲ್ಲ ಮಾರಾಯ್ರೆ.

ಪ್ರಶ್ನೆ (ಸುರತ್ಕಲ್‌ನ ಸದಸ್ಯ): ಗಿರಾಕಿಗಳ ದುಡ್ಡು ಈಗ ಸೈಟ್ ನಡೆಸುವ ಮೇಡಂ ಖಾತೆಗೇ ಬರುತ್ತದಂತೆ. ಅದು ಸರಿಯಾ?

ಉತ್ತರ: ಸರಿಯಲ್ಲ. ಮೇಡಂ, ಹಾಗೆ ಮುಂದುವರಿಸಬೇಡಿ. ಬೇರೆಯವರಿಗೆ ಸೇರಬೇಕಾದ ಹಣವನ್ನು ಹೀಗೆ ಒಟ್ಟುಮಾಡಿ ಹಂಚುವುದಕ್ಕೆ ರಿಸರ್ವ್ ಬ್ಯಾಂಕಿನ ನಿಯಮಗಳಿವೆ. ಅನುಮತಿ ಇರುವ ಪೇಮೆಂಟ್ ಅಗ್ರಿಗೇಟರ್ (ಗಿರಾಕಿಯ ಹಣ ಪಡೆದು ಮಾರುವವರಿಗೆ ತಲುಪಿಸುವ ಸಂಸ್ಥೆ) ಬಳಿಯೇ ಹಣ ಪಾಲು ಮಾಡುವ ಸೌಲಭ್ಯ ಸಿಗುತ್ತದೆ. ಮಾರುವವರ ಪಾಲು ಅವರ ಖಾತೆಗೆ, ಕಮಿಷನ್ ನಿಮಗೆ. ಜೊತೆಗೆ ತಿಂಡಿ ಮಾರುವ ಪ್ರತಿ ಮನೆಯದ್ದೂ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಆಗಿರಲಿ.

ಮೇಡಂ, ಎಷ್ಟು ಜನ ಸೈಟಿಗೆ ಬಂದರು ಅನ್ನುವ ಲೆಕ್ಕ ಸದ್ಯಕ್ಕೆ ಬಿಡಿ. ಎರಡನೇ ಸಲ ತರಿಸಿದವರೆಷ್ಟು, ಸ್ಟಾಕ್ ಇಲ್ಲದೆ ತಪ್ಪಿದ ಆರ್ಡರ್ ಎಷ್ಟು, ಈ ಎರಡನ್ನೂ ಬರೆದಿಟ್ಟು ಮೂರು ತಿಂಗಳಾದ ಮೇಲೆ ಇಲ್ಲೇ ಹಾಕಿ. ಜಾಹೀರಾತಿನ ಮಾತು ಆಗ ಆಡೋಣ.