ಶಕ್ತಿ ಬಂತು, ತೋಳು ಯಾಕೆ ದಪ್ಪ ಆಗಿಲ್ಲ?

ಪ್ರಶ್ನೆ: ನಮಸ್ತೆ ಮೇಡಂ. ಜಿಮ್‌ಗೆ ಸೇರಿ ಒಂದು ತಿಂಗಳಾಯಿತು. ಆಗ 5 ಕೆಜಿ ಡಂಬಲ್ ಎತ್ತಲು ಒದ್ದಾಡುತ್ತಿದ್ದೆ, ಈಗ 8 ಕೆಜಿ ಆರಾಮಾಗಿ ಎತ್ತುತ್ತೇನೆ. ಆದರೆ ಟೇಪ್ ಹಿಡಿದರೆ ತೋಳು ಅಷ್ಟೇ ಇದೆ. ಪ್ರೋಟೀನ್ ಪುಡಿ ತಗೋಬೇಕಾ?

ಫಿಸಿಯೋಥೆರಪಿಸ್ಟ್: ಊಟದಲ್ಲಿ ಬೇಳೆ, ಮೊಸರು, ಮೊಟ್ಟೆ ಸರಿಯಾಗಿದ್ದರೆ ಪುಡಿಗೆ ಸುಮ್ನೆ ದುಡ್ಡು ಸುರಿಯಬೇಡಿ. ನಿಮಗೆ ಆಗುತ್ತಿರುವುದು ಎಲ್ಲರಿಗೂ ಆಗುವಂಥದ್ದೇ. ಮೊದಲ ವಾರಗಳಲ್ಲಿ ಶಕ್ತಿ ಹೆಚ್ಚುವುದು ಬಹುಪಾಲು ನರಗಳಿಂದ. ಅಲ್ಲಿಯವರೆಗೆ ಸುಮ್ಮನಿದ್ದ ಸ್ನಾಯುವಿನ ಎಳೆಗಳನ್ನೂ ಮಿದುಳು ಕೆಲಸಕ್ಕೆ ಹಚ್ಚುತ್ತದೆ. ಟೇಪಿಗೆ ಸಿಗುವಷ್ಟು ದಪ್ಪ ಆಗಲು ಇನ್ನೂ ಸಮಯ ಬೇಕು.

ಆಗಲೂ ಹೊಸ ಎಳೆಗಳು ಹುಟ್ಟುವುದು ತೀರಾ ಕಡಿಮೆ, ಇರುವ ಎಳೆಗಳೇ ದಪ್ಪಗಾಗುತ್ತವೆ. ಒಂದೊಂದು ಎಳೆಯೊಳಗೂ ಆಕ್ಟಿನ್, ಮಯೋಸಿನ್ ಎಂಬ ಪ್ರೋಟೀನ್‌ಗಳ ತಂತುಗಳಿರುತ್ತವೆ. ಭಾರ ಎತ್ತುತ್ತಾ ಹೋದಂತೆ ಅವು ಜಾಸ್ತಿಯಾಗುತ್ತವೆ. ಎಳೆಯ ಹೊರಮೈಗೆ ಸ್ಯಾಟಲೈಟ್ ಕೋಶಗಳು ಅಂಟಿಕೊಂಡಿರುತ್ತವೆ. 1961ರಲ್ಲಿ ಅಲೆಕ್ಸಾಂಡರ್ ಮೌರೋ ಎಂಬ ವಿಜ್ಞಾನಿ ಇವನ್ನು ಗುರುತಿಸಿದ್ದು ಕಪ್ಪೆಯ ಕಾಲಿನ ಸ್ನಾಯುವಿನಲ್ಲಿ! ಭಾರ ಬಿದ್ದಾಗ ಇವು ಎಚ್ಚೆತ್ತು ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ. ಕೆಲವು ಎಳೆಯೊಳಗೇ ಬೆರೆತು ಅದಕ್ಕೆ ಹೊಸ ನ್ಯೂಕ್ಲಿಯಸ್ (ಕೋಶಕೇಂದ್ರ) ಕೊಡುತ್ತವೆ.

ಪ್ರಶ್ನೆ: ಮಾರನೇ ದಿನ ಮೈಕೈ ನೋವು ಬರುವುದು ಲ್ಯಾಕ್ಟಿಕ್ ಆಸಿಡ್‌ನಿಂದ ಅಲ್ವಾ?

ಫಿಸಿಯೋಥೆರಪಿಸ್ಟ್: ಅಲ್ಲ. ಆ ಆಸಿಡ್ ಒಂದೆರಡು ಗಂಟೆಯಲ್ಲೇ ಇಳಿದುಹೋಗುತ್ತದೆ. ಹೊಸ ವ್ಯಾಯಾಮದಲ್ಲಿ, ಅದರಲ್ಲೂ ಭಾರವನ್ನು ಕೆಳಗಿಳಿಸುವಾಗ, ಎಳೆಗಳಿಗೆ ಸಣ್ಣಪುಟ್ಟ ಪೆಟ್ಟಾಗುತ್ತದೆ. ಅದರ ನೋವು ಅದು. ಎರಡು ಮೂರು ದಿನದಲ್ಲಿ ಹೋಗುತ್ತದೆ.

ಪ್ರಶ್ನೆ: ನಮ್ಮ ತಂದೆಗೆ 72. ದಿನಾ ಒಂದು ಗಂಟೆ ವಾಕಿಂಗ್ ಮಾಡುತ್ತಾರೆ. ಅಷ್ಟು ಸಾಲದಾ?

ಫಿಸಿಯೋಥೆರಪಿಸ್ಟ್: ವಾಕಿಂಗ್ ಬಿಡಿಸಬೇಡಿ. ಬಿರುಸಾಗಿ ನಡೆದರೆ ಎಳೆಗಳ ಸುತ್ತ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ, ಒಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯ ಹೆಚ್ಚುತ್ತದೆ, ಸುಸ್ತು ಕಡಿಮೆಯಾಗುತ್ತದೆ. ಆದರೆ ಎಡವಿದಾಗ ತಟ್ಟನೆ ಸಾವರಿಸಿಕೊಳ್ಳಲು ಬೇಕಾದ ವೇಗದ ಎಳೆಗಳು ವಯಸ್ಸಾದಂತೆ ಸಣಕಲಾಗುತ್ತವೆ. ನಡಿಗೆಯಲ್ಲಿ ಅವಕ್ಕೆ ಕೆಲಸವೇ ಕಡಿಮೆ. ಅದಕ್ಕೆ ಭಾರವೇ ಬೇಕು.

ವಯಸ್ಸಾಯಿತು ಅನ್ನಬೇಡಿ. ಬಾಸ್ಟನ್‌ನ ವೃದ್ಧಾಶ್ರಮವೊಂದರಲ್ಲಿ 90ರ ಆಸುಪಾಸಿನವರಿಗೆ 8 ವಾರ ಕಾಲಿಗೆ ಭಾರದ ವ್ಯಾಯಾಮ ಮಾಡಿಸಿದ್ದರು. 1990ರಲ್ಲಿ ಅದರ ವರದಿ ಬಂತು. ತೊಡೆಯ ಸ್ನಾಯು ಬೆಳೆದದ್ದು ಶೇ. 9, ಕಾಲಿನ ಶಕ್ತಿ ಹೆಚ್ಚಿದ್ದು ಸರಾಸರಿ ಶೇ. 174. ತೋಳು ದಪ್ಪ ಆಗಿಲ್ಲ ಎಂದು ಮೊದಲು ಕೇಳಿದವರೂ ಈ ಲೆಕ್ಕ ನೋಡಿ, ದಪ್ಪಕ್ಕಿಂತ ಶಕ್ತಿಯೇ ಎಷ್ಟೋ ಹೆಚ್ಚು ಬೆಳೆದಿದೆ.

ತಂದೆಯವರು ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದರಿಂದ ಶುರು ಮಾಡಲಿ. ಮೇಲೇಳುವಾಗ ಉಸಿರು ಬಿಗಿಹಿಡಿಯಬಾರದು. ಬಿಪಿ ಅಥವಾ ಹೃದಯದ ತೊಂದರೆ ಇದ್ದರೆ ಮೊದಲು ಅವರ ಡಾಕ್ಟರನ್ನು ಕೇಳಿ.